ಅಂಕಿ ಹೋಗಲಿ, ಲೆಕ್ಕ ಉಳಿಯಲಿ

ಗಣಕದ ಯಾವುದಾದರೊಂದು ಅಂಗ ಕೈಕೊಟ್ಟು ಸಹಾಯವಾಣಿಗೆ ಕರೆ ಮಾಡಿದರೆ, ಆ ತುದಿಯಿಂದ ಬರುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಡ್ರೈವರಿನ ಆವೃತ್ತಿ ಯಾವುದು?" ನಾವು ಒಂದು ಅಂಕಿಯನ್ನು ಓದಿ ಹೇಳುತ್ತೇವೆ, ಅವರು ಬರೆದುಕೊಳ್ಳುತ್ತಾರೆ. ಏನೋ ಒಂದು ಖಚಿತವಾಯಿತು ಎಂಬ ಸಮಾಧಾನ ಇಬ್ಬರಿಗೂ ಆಗುತ್ತದೆ. ಆದರೆ ಲಿನಕ್ಸ್ ಕರ್ನೆಲ್ಲಿನ ಮಟ್ಟಿಗೆ ಆ ಅಂಕಿಯಿಂದ ಖಚಿತವಾಗುವುದು ಬಹಳ ಕಡಿಮೆ. ಇದನ್ನು ಮನಗಂಡೇ 2020ರ ಆರಂಭದಿಂದ ಕರ್ನೆಲ್ಲಿನ ನೆಟ್‌ವರ್ಕ್ ವಿಭಾಗದವರು ಡ್ರೈವರುಗಳ ಪ್ರತ್ಯೇಕ ಆವೃತ್ತಿಸಂಖ್ಯೆಗಳನ್ನು ಒಂದೊಂದಾಗಿ ಕಿತ್ತುಹಾಕತೊಡಗಿದರು. ಅವರು ಮಾಡಿದ್ದು ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಅಂಕಿ ಇಷ್ಟುಕಾಲ ಹೊತ್ತಂತೆ ತೋರುತ್ತಿದ್ದ ಹೊಣೆಯನ್ನು ಇನ್ನು ಮುಂದೆ ಯಾರು ಹೊರಬೇಕು ಎಂಬುದು ಇತ್ಯರ್ಥವಾಗಿಲ್ಲ. ಆ ಹೊಣೆ ಈಗ ಸದ್ದಿಲ್ಲದೆ ಬಂದು ಬಿದ್ದಿರುವುದು ಅದನ್ನು ಹೊರಲು ಎಲ್ಲರಿಗಿಂತ ಕಡಿಮೆ ಶಕ್ತಿಯುಳ್ಳವರ ಮೇಲೆ.

ಕಥೆ, ಕವಿತೆ, ವಿಮರ್ಶೆಗಳನ್ನೇ ಹೆಚ್ಚಾಗಿ ಓದುವ ನಮ್ಮ ಬಳಗಕ್ಕೆ ಇಂಥ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ನೆಲೆಸಿದ ಕನ್ನಡದ ಎಷ್ಟೋ ಮನೆಗಳ ಅನ್ನ ಬೇಯುವುದು ತಂತ್ರಾಂಶದ ವೃತ್ತಿಯಿಂದ. ನಮ್ಮೆಲ್ಲರ ಕೈಯ ಆಂಡ್ರಾಯ್ಡ್ ಫೋನುಗಳ ಒಡಲಲ್ಲಿರುವುದೂ ಲಿನಕ್ಸ್ ಕರ್ನೆಲ್ಲೇ. ಇಷ್ಟಲ್ಲದೆ, ಒಂದು ಪಠ್ಯ ಅನೇಕ ಕೈಗಳಲ್ಲಿ ಬದಲಾಗುತ್ತ ಸಾಗಿದಾಗ ನಮ್ಮ ಮುಂದಿರುವುದು ಅದರ ಯಾವ ರೂಪ ಎಂದು ಗುರುತಿಸುವುದು ಹೇಗೆ ಎಂಬ ಪ್ರಶ್ನೆ, ಓಲೆಗರಿಗಳ ಪಾಠಾಂತರಗಳನ್ನು ಬಲ್ಲ ಓದುಗರಿಗೆ ಹೊಸದೇನೂ ಅಲ್ಲ.

ಮೊದಲು ವಿಷಯದ ಪರಿಚಯ. ಕರ್ನೆಲ್ ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಯಂತ್ರಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ನಡೆಸುವಂಥದ್ದು. ಆ ತಿರುಳಿಗೆ ನೆಟ್‌ವರ್ಕ್ ಕಾರ್ಡು, ಡಿಸ್ಕು, ಪರದೆ ಮೊದಲಾದ ಒಂದೊಂದು ಸಾಧನದ ಭಾಷೆಯನ್ನು ತಿಳಿಸಿಕೊಡುವ ಭಾಗವೇ ಡ್ರೈವರ್. ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ 1991ರಲ್ಲಿ ಹೊರಗಿಟ್ಟ ಕರ್ನೆಲ್ ಇಂದು 3 ಕೋಟಿ ಸಾಲುಗಳನ್ನು ಮೀರಿ ಬೆಳೆದಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಡ್ರೈವರುಗಳದ್ದೇ.

ವಿಂಡೋಸಿನ ಲೋಕದಲ್ಲಿ ವ್ಯವಸ್ಥೆಯನ್ನು ಮಾಡುವವರು ಬೇರೆ, ಡ್ರೈವರನ್ನು ಮಾಡುವವರು ಬಹುಮಟ್ಟಿಗೆ ಬೇರೆ. ಕಾರ್ಡನ್ನು ತಯಾರಿಸಿದ ಸಂಸ್ಥೆ ತನ್ನ ಡ್ರೈವರನ್ನು ಪ್ರತ್ಯೇಕವಾಗಿ ಬಿಡುಗಡೆ ಮಾಡಿ ಅದಕ್ಕೊಂದು ಅಂಕಿ ಕೊಡುತ್ತದೆ. ಹಾಗೆ ಬೇರೆಯಾಗಿ ಹುಟ್ಟಿ ಬೇರೆಯಾಗಿ ಬೆಳೆಯುವ ವಸ್ತುವಿಗೆ ಬೇರೆ ಅಂಕಿ ಇರುವುದು ನ್ಯಾಯವೇ. ಲಿನಕ್ಸಿನಲ್ಲಿ ಹಾಗಲ್ಲ. ಅಲ್ಲಿ ಡ್ರೈವರುಗಳೆಲ್ಲ ಕರ್ನೆಲ್ಲಿನ ಆಕರದೊಳಗೇ, ಒಂದೇ ಸೂರಿನಡಿ ಇರಬೇಕೆಂಬುದು ಅದರ ಪಾಲಕರ ನಿಲುವು. ಒಳಗಿನ ಯಾವುದಾದರೊಂದು ವ್ಯವಸ್ಥೆಯನ್ನು ಒಬ್ಬರು ಬದಲಾಯಿಸಿದರೆ, ಅದನ್ನು ಬಳಸುವ ಎಲ್ಲ ಡ್ರೈವರುಗಳನ್ನೂ ಅವರೇ ತಿದ್ದಿಕೊಡಬೇಕು. ಹೀಗಾಗಿ ಒಂದು ಡ್ರೈವರಿನ ಆಕರವನ್ನು ಮುಟ್ಟುವವರು ಅದರ ಮೂಲಕರ್ತೃಗಳು ಮಾತ್ರವಲ್ಲ. ಸ್ಮೃತಿನಿರ್ವಹಣೆಯವರು ಮುಟ್ಟುತ್ತಾರೆ, ವಿದ್ಯುತ್ ಉಳಿತಾಯದ ಕೆಲಸ ಮಾಡುವವರು ಮುಟ್ಟುತ್ತಾರೆ, ಕಾಗುಣಿತ ತಿದ್ದುವ ಹೊಸಬರೂ ಮುಟ್ಟುತ್ತಾರೆ. ಅವಿಭಕ್ತ ಕುಟುಂಬದ ಮನೆಯಂತೆ ಎಲ್ಲರ ಊಟವೂ ಒಂದೇ ಅಡುಗೆಮನೆಯಿಂದ.

ಆ ಮನೆಯಲ್ಲಿ ಒಬ್ಬರು ಮಾತ್ರ ತಮ್ಮ ಹೆಸರಿನಲ್ಲಿ ಬೇರೊಂದು ಲೆಕ್ಕದ ಪುಸ್ತಕ ಇಟ್ಟುಕೊಂಡರೆ ಏನಾಗುತ್ತದೆ? ಡ್ರೈವರಿನ ಆವೃತ್ತಿಸಂಖ್ಯೆಯ ಗತಿಯೂ ಅದೇ ಆಯಿತು. ಆ ಅಂಕಿ ತಾನಾಗಿ ಬದಲಾಗುವಂಥದ್ದಲ್ಲ. ಯಾರಾದರೂ ನೆನಪಿಟ್ಟುಕೊಂಡು ಕೈಯಿಂದ ತಿದ್ದಬೇಕು. ಮೂಲ ಸಂಸ್ಥೆಯವರು ತಮ್ಮ ಬಿಡುಗಡೆಯ ಹೊತ್ತಿಗೆ ತಿದ್ದುತ್ತಾರೆ, ಇಲ್ಲವೇ ಮರೆಯುತ್ತಾರೆ. ಮಿಕ್ಕವರಿಗೆ ಅದರ ಗೊಡವೆಯೇ ಇಲ್ಲ. ಇಂಟೆಲ್ ಸಂಸ್ಥೆಯ ಇ1000ಇ ಎಂಬ ನೆಟ್‌ವರ್ಕ್ ಡ್ರೈವರನ್ನು ನೋಡಿ. 2016ರ ಜನವರಿಯಲ್ಲಿ ಬಂದ 4.4 ಕರ್ನೆಲ್ಲಿನಲ್ಲಿ ಅದು ತನ್ನನ್ನು 3.2.6-ಕೆ ಎಂದು ಕರೆದುಕೊಳ್ಳುತ್ತಿತ್ತು. 2019ರ ನವೆಂಬರಿನ 5.4ರಲ್ಲೂ ಅದು 3.2.6-ಕೆ. ನಡುವಿನ ವರ್ಷಗಳಲ್ಲಿ ಆಕರ ಬದಲಾಗಿತ್ತು, ದೋಷಗಳು ತಿದ್ದಲ್ಪಟ್ಟಿದ್ದವು. ರಿಯಲ್‌ಟೆಕ್ ಕಾರ್ಡುಗಳ ಆರ್8169 ಡ್ರೈವರು 2009ರ ಸುಮಾರಿಗೂ 2.3ಎಲ್‌ಕೆ-ನ್ಯಾಪಿ, 2018ರ ಜನವರಿಯ 4.15 ಕರ್ನೆಲ್ಲಿನಲ್ಲೂ ಅದೇ. ಸುಮಾರು ಒಂಬತ್ತು ವರ್ಷ ಕದಲದ ಈ ಅಂಕಿಯನ್ನು ಸಹಾಯವಾಣಿಗೆ ಹೇಳಿದವರೆಷ್ಟೋ, ಬರೆದುಕೊಂಡವರೆಷ್ಟೋ.

ಅಂಕಿ ನಿಂತಲ್ಲೇ ನಿಲ್ಲುವುದು ಒಂದು ತೊಂದರೆ. ಅದು ಸರಿಯಾಗಿ ಬದಲಾದರೂ ಹೇಳಲಾಗದ ಸಂಗತಿಗಳಿವೆ ಎಂಬುದು ಇನ್ನೂ ದೊಡ್ಡದು. ಇದಕ್ಕೆ ಕರ್ನೆಲ್ಲಿನ ಚರಿತ್ರೆಯಲ್ಲೇ ಒಂದು ಪಾಠವಿದೆ. 2008ರ ಸೆಪ್ಟೆಂಬರಿನಲ್ಲಿ 2.6.27 ಕರ್ನೆಲ್ಲಿನ ಪರೀಕ್ಷಾರೂಪಗಳನ್ನು ಓಡಿಸುತ್ತಿದ್ದವರ ಯಂತ್ರಗಳಲ್ಲಿ ಇಂಟೆಲ್ಲಿನ ನೆಟ್‌ವರ್ಕ್ ಕಾರ್ಡುಗಳು ಸಾಯತೊಡಗಿದವು. ಕಾರ್ಡು ತನ್ನ ಗುರುತನ್ನು ಉಳಿಸಿಕೊಳ್ಳುವ ಸ್ಥಿರಸ್ಮೃತಿಯೇ ಅಳಿಸಿಹೋಗುತ್ತಿತ್ತು. ಯಂತ್ರವನ್ನು ಆರಿಸಿ ಹೊತ್ತಿಸಿದರೂ ಪ್ರಯೋಜನವಿರಲಿಲ್ಲ. ಎಲ್ಲರ ಬೆರಳೂ ತಿರುಗಿದ್ದು ಇ1000ಇ ಡ್ರೈವರಿನ ಕಡೆಗೆ. ಉಬುಂಟುವಿನವರು ತಮ್ಮ ಪರೀಕ್ಷಾ ಬಿಡುಗಡೆಯಲ್ಲಿ ಆ ಡ್ರೈವರನ್ನೇ ತಡೆಹಿಡಿದರು. ಇಂಟೆಲ್ಲಿನವರು ಆ ಸ್ಮೃತಿಗೆ ಬರಹತಡೆಯನ್ನು ಹಾಕುವ ತೇಪೆಯನ್ನು ಸಿದ್ಧಪಡಿಸಿದರು.

ಅಕ್ಟೋಬರಿನಲ್ಲಿ ನಿಜವಾದ ಕಾರಣ ಸಿಕ್ಕಾಗ, ಅದಿದ್ದದ್ದು ಡ್ರೈವರಿನ ಹೊರಗೆ. ಕರ್ನೆಲ್ಲಿನ ನಡೆಯನ್ನು ಗಮನಿಸಲು ಹೊಸದಾಗಿ ಸೇರಿದ್ದ ಎಫ್‌ಟ್ರೇಸ್ ಎಂಬ ಸೌಲಭ್ಯ, ತಾನು ಮುಂದೆ ತಿದ್ದಬೇಕಾದ ಆಜ್ಞೆಗಳ ವಿಳಾಸಗಳನ್ನು ಪಟ್ಟಿಮಾಡಿ ಇಟ್ಟುಕೊಳ್ಳುತ್ತಿತ್ತು. ಅವುಗಳಲ್ಲಿ ಕೆಲವು ಆರಂಭದ ಹೊತ್ತಿಗಷ್ಟೇ ಬೇಕಾದ, ಆಮೇಲೆ ತೆರವಾಗುವ ಜಾಗದವು. ತೆರವಾದ ವಿಳಾಸಗಳಲ್ಲಿ ಕಾರ್ಡಿನ ಸ್ಥಿರಸ್ಮೃತಿಗೆ ಹೋಗುವ ಬಾಗಿಲು ಬಂದು ಕುಳಿತಿರುತ್ತಿತ್ತು. ಎಫ್‌ಟ್ರೇಸ್ ಹಳೆಯ ಪಟ್ಟಿಯನ್ನು ನಂಬಿ ಅಲ್ಲಿಗೆ ಬರೆಯುತ್ತಿತ್ತು, ಕಾರ್ಡು ಕೆಡುತ್ತಿತ್ತು. ಡ್ರೈವರಿನ ಆವೃತ್ತಿಯನ್ನು ಎಷ್ಟೇ ನಿಷ್ಠೆಯಿಂದ ಬರೆದಿಟ್ಟಿದ್ದರೂ ಈ ಕಾರಣದ ಸುಳಿವು ಅದರಲ್ಲಿ ಸಿಗುತ್ತಿರಲಿಲ್ಲ. ಅದೇ ಡ್ರೈವರು ಎಫ್‌ಟ್ರೇಸ್ ಇಲ್ಲದ ಕರ್ನೆಲ್ಲಿನಲ್ಲಿ ಸುರಕ್ಷಿತ, ಇದ್ದ ಕರ್ನೆಲ್ಲಿನಲ್ಲಿ ಅಪಾಯ. ಒಂದು ಡ್ರೈವರಿನ ನಡತೆಯನ್ನು ನಿರ್ಧರಿಸುವುದು ಅದು ಸೇರಿರುವ ಇಡೀ ಮರ. ಆದ್ದರಿಂದ ಅದಕ್ಕೆ ಸಲ್ಲುವ ಅಂಕಿಯೂ ಇಡೀ ಮರದ್ದೇ ಆಗಿರಬೇಕು.

2020ರ ಬದಲಾವಣೆಯ ಹಿಂದಿನ ತರ್ಕವೂ ಇದೇ. ಅದನ್ನು ಮುಂದಾಗಿ ನಡೆಸಿದವರು ಆಗ ಮೆಲ್ಲನಾಕ್ಸ್ ಸಂಸ್ಥೆಯಲ್ಲಿದ್ದ ಲಿಯಾನ್ ರೊಮಾನೋವ್‌ಸ್ಕಿ. ಕರ್ನೆಲ್ಲಿನ ಹೊರಗೆ ತನ್ನದೇ ಡ್ರೈವರ್ ಕಟ್ಟನ್ನು ಅಂಕಿಹಾಕಿ ವಿತರಿಸುತ್ತಿದ್ದ ಸಂಸ್ಥೆಯ ಉದ್ಯೋಗಿಯೇ ಕರ್ನೆಲ್ಲಿನೊಳಗಿನ ಅಂಕಿಗಳು ನಿರರ್ಥಕವೆಂದು ವಾದಿಸಿದ್ದು ಗಮನಿಸಬೇಕಾದ ಸಂಗತಿ. ನೆಟ್‌ವರ್ಕ್ ಕಾರ್ಡುಗಳ ವಿವರ ತೋರಿಸುವ ಎತ್‌ಟೂಲ್ ಎಂಬ ಸಾಧನದಲ್ಲಿ, ಡ್ರೈವರು ತಾನೇ ಯಾವ ಅಂಕಿಯನ್ನೂ ಹೇಳದಿದ್ದರೆ ಆ ಜಾಗದಲ್ಲಿ ಈಗ ಕರ್ನೆಲ್ಲಿನ ಆವೃತ್ತಿಯೇ ಕಾಣಿಸುತ್ತದೆ.

ಕರ್ನೆಲ್ಲಿನ ಅಂಕಿಗಾದರೂ ಏನು ಅರ್ಥವಿದೆ ಎಂದು ಕೇಳಬಹುದು. 2011ರಲ್ಲಿ 2.6ರ ಸರಣಿಯನ್ನು ಮುಗಿಸಿ 3.0 ಎಂದು ಕರೆದಾಗ, ಅದರಲ್ಲಿ ದೊಡ್ಡ ಬದಲಾವಣೆ ಏನೂ ಇಲ್ಲ, ಅಂಕಿ ಬಹಳ ಉದ್ದವಾಯಿತು, ಕರ್ನೆಲ್ಲಿಗೆ 20 ವರ್ಷವೂ ತುಂಬಿತು ಎಂಬಂತೆ ಟೋರ್ವಾಲ್ಡ್ಸ್ ಹೇಳಿದ್ದರು. ಹಾಗಿದ್ದರೂ ಅದಕ್ಕೂ ಡ್ರೈವರಿನ ಅಂಕಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕರ್ನೆಲ್ಲಿನ ಅಂಕಿ ಇಡೀ ಮರದ ಮೇಲೆ, ಒಂದು ನಿರ್ದಿಷ್ಟ ಕ್ಷಣದಲ್ಲಿ, ಒಂದೇ ಕೈಯಿಂದ ಬೀಳುವ ಮುದ್ರೆ. ಗುಣವನ್ನಾಗಲಿ ಹೊಸತನವನ್ನಾಗಲಿ ಅದು ಹೇಳುವುದಿಲ್ಲ. ಚರಿತ್ರೆಯಲ್ಲಿ ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ತಪ್ಪಿಲ್ಲದೆ ಹೇಳುತ್ತದೆ.

ಆ ಚರಿತ್ರೆಯನ್ನು ಹಿಡಿದಿಟ್ಟಿರುವುದು 2005ರಲ್ಲಿ ಟೋರ್ವಾಲ್ಡ್ಸ್ ಅವರೇ ಬರೆದ ಗಿಟ್ ಎಂಬ ತಂತ್ರಾಂಶ. ಕರ್ನೆಲ್ಲಿಗೆ ಸೇರುವ ಪ್ರತಿ ಬದಲಾವಣೆಗೂ ಅದರಲ್ಲಿ ಒಂದು ದಾಖಲೆ. ಆ ದಾಖಲೆಯ ಒಳಗಿರುವುದನ್ನೂ ಅದರ ಹಿಂದಿನ ದಾಖಲೆಯ ಗುರುತನ್ನೂ ಸೇರಿಸಿ ಲೆಕ್ಕಹಾಕಿ ಪಡೆದ 40 ಅಕ್ಷರಗಳ ಒಂದು ಗುರುತು. ಹಿಂದಿನ ಒಂದು ಅಕ್ಷರವನ್ನು ಗುಟ್ಟಾಗಿ ತಿದ್ದಿದರೂ ಮುಂದಿನ ಎಲ್ಲ ಗುರುತುಗಳೂ ಬೇರೆಯಾಗಿಬಿಡುತ್ತವೆ. ದಾಖಲೆಯ ಕೆಳಗೆ ಬರೆದವರ, ಒಪ್ಪಿ ಮುಂದೆ ಕಳಿಸಿದವರ ಸಹಿಸಾಲುಗಳಿರುತ್ತವೆ. ಹಿಂದಿನ ದೋಷವೊಂದನ್ನು ತಿದ್ದುವಂಥದ್ದಾದರೆ, ಆ ದೋಷವನ್ನು ತಂದ ಬದಲಾವಣೆಯ ಗುರುತಿನ ಮೊದಲ 12 ಅಕ್ಷರಗಳನ್ನು ನಮೂದಿಸಬೇಕೆಂಬ ಪದ್ಧತಿಯೂ ಇದೆ. ಒಂದು ಬಿಡುಗಡೆಯಿಂದ ಇನ್ನೊಂದಕ್ಕೆ ಒಂಬತ್ತು ಹತ್ತು ವಾರ. ಅಷ್ಟರಲ್ಲಿ ಸೇರುವ ಬದಲಾವಣೆಗಳು 10,000ಕ್ಕೂ ಮಿಕ್ಕು. ಇಷ್ಟರಲ್ಲಿ ಕೆಡುಕನ್ನು ತಂದದ್ದು ಯಾವುದೆಂದು ಹುಡುಕಲು, ಸಾಲನ್ನು ಅರ್ಧಕ್ಕೆ ಕತ್ತರಿಸಿ ನೋಡು, ಕೆಟ್ಟ ಅರ್ಧವನ್ನು ಮತ್ತೆ ಅರ್ಧಕ್ಕೆ ಕತ್ತರಿಸಿ ನೋಡು ಎಂಬ ಕ್ರಮದಲ್ಲಿ ಹೋದರೆ ಸುಮಾರು 14 ಪ್ರಯೋಗಗಳು ಸಾಕು.

ನಮ್ಮ ಪುಸ್ತಕಲೋಕದ ಮಾತಿನಲ್ಲಿ ಹೇಳುವುದಾದರೆ, ಡ್ರೈವರಿನ ಅಂಕಿ ಪುಸ್ತಕದ ಒಳಪುಟದಲ್ಲಿ ಅಚ್ಚಾಗುವ "ಐದನೆಯ ಮುದ್ರಣ" ಎಂಬ ಸಾಲಿನಂಥದ್ದು. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಏನು ಬದಲಾಯಿತು, ಬದಲಾಯಿಸಿದವರು ಯಾರು, ಏನಾದರೂ ಬದಲಾಯಿತೇ ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ಗಿಟ್ಟಿನ ಚರಿತ್ರೆಯಾದರೋ ಪಾಠಾಂತರಗಳನ್ನೆಲ್ಲ ಅಡಿಟಿಪ್ಪಣಿಯಲ್ಲಿ ಕೊಟ್ಟು, ಯಾವ ಪ್ರತಿಯಲ್ಲಿ ಯಾವ ಪಾಠ ಎಂದು ತೋರಿಸುವ ಸಂಪಾದಿತ ಗ್ರಂಥದಂಥದ್ದು. ಗ್ರಂಥಸಂಪಾದನೆಯ ಶ್ರಮವನ್ನು ಬಲ್ಲವರು ಯಾರೂ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ನೆಚ್ಚಲಾರರು.

ಇಲ್ಲಿಯವರೆಗೆ ಕರ್ನೆಲ್ ಬರೆಯುವವರ ಪಕ್ಷ. ಇನ್ನು ಎದುರುಪಕ್ಷದ ಮಾತನ್ನೂ ಕೇಳಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. ಮೇಲೆ ಹೇಳಿದ ಚರಿತ್ರೆ ಟೋರ್ವಾಲ್ಡ್ಸ್ ಅವರ ಮರದಲ್ಲಿ ಸಿಗುವಂಥದ್ದು. ನಮ್ಮ ಕಚೇರಿಗಳ, ಬ್ಯಾಂಕುಗಳ, ಆಸ್ಪತ್ರೆಗಳ ಯಂತ್ರಗಳಲ್ಲಿ ಓಡುವುದು ಸಾಮಾನ್ಯವಾಗಿ ಆ ಮರದ ನೇರ ಫಲವಲ್ಲ. ವಿತರಕ ಸಂಸ್ಥೆಗಳು ಕಸಿಮಾಡಿದ ಗಿಡ. ರೆಡ್ ಹ್ಯಾಟ್ ಸಂಸ್ಥೆಯ ಎಂಟರ್‌ಪ್ರೈಸ್ ಲಿನಕ್ಸ್ 7 ಬಂದದ್ದು 2014ರಲ್ಲಿ, 3.10 ಕರ್ನೆಲ್ಲಿನ ಆಧಾರದ ಮೇಲೆ. 2024ರ ಜೂನ್‌ನಲ್ಲಿ ಅದರ ಸಾಮಾನ್ಯ ನಿರ್ವಹಣೆ ಮುಗಿಯುವವರೆಗೂ ಅದು 3.10 ಆಗಿಯೇ ಉಳಿಯಿತು. ಆ ಹತ್ತು ವರ್ಷಗಳಲ್ಲಿ ಹೊಸ ಕರ್ನೆಲ್ಲುಗಳಿಂದ ಅಪಾರ ತಿದ್ದುಪಡಿಗಳನ್ನೂ ಹೊಸ ಡ್ರೈವರು ಭಾಗಗಳನ್ನೂ ತಂದು ಅದರೊಳಗೆ ಸೇರಿಸಲಾಯಿತು. ಬಾಲದ ಅಂಕಿ 123ರಿಂದ 1160ಕ್ಕೆ ಏರಿತು. ತಲೆಯ ಅಂಕಿ ಮಾತ್ರ 2013ರ ಕರ್ನೆಲ್ಲಿನದೇ. ಡ್ರೈವರಿನ ಸ್ವಂತ ಅಂಕಿ ಸುಳ್ಳಾಡುತ್ತದೆಂದು ಕರ್ನೆಲ್ಲಿನ ಅಂಕಿಯನ್ನು ನೆಚ್ಚಿದರೆ, ವಿತರಕರ ಮನೆಯಲ್ಲಿ ಆ ಅಂಕಿಯೂ ಪೂರ್ತಿ ನಿಜವನ್ನು ಹೇಳುವುದಿಲ್ಲ.

ಹಳೆಯ ಬುಡಕ್ಕೆ ಹೊಸ ತೇಪೆ ಹಾಕುವುದನ್ನು ನಾನು ಆಕ್ಷೇಪಿಸುತ್ತಿಲ್ಲ. ಹತ್ತು ವರ್ಷ ಅಲುಗದ ವ್ಯವಸ್ಥೆ ಬೇಕೆನ್ನುವವರಿಗೆ ಅದು ಬೇಕೇ ಬೇಕು. ನನ್ನ ಆಕ್ಷೇಪ ಇರುವುದು ಲೆಕ್ಕ ಕೊಡದಿರುವುದರ ಬಗ್ಗೆ. ತನ್ನ 6ನೆಯ ಆವೃತ್ತಿಯಿಂದ ರೆಡ್ ಹ್ಯಾಟ್ ಕರ್ನೆಲ್ಲಿನ ತೇಪೆಗಳನ್ನು ಬಿಡಿಬಿಡಿಯಾಗಿ ಕೊಡುವುದನ್ನು ನಿಲ್ಲಿಸಿ, ಎಲ್ಲವನ್ನೂ ಒಂದಾಗಿ ಬೆರೆಸಿದ ಆಕರವನ್ನಷ್ಟೇ ಕೊಡತೊಡಗಿತು. 2011ರಲ್ಲಿ ಇದು ಚರ್ಚೆಗೆ ಬಂದಾಗ, ತನ್ನ ಗಿರಾಕಿಗಳಿಗೇ ಸೇವೆ ಮಾರಲು ಬರುವ ಪ್ರತಿಸ್ಪರ್ಧಿಗಳನ್ನು ತಡೆಯುವುದು ಉದ್ದೇಶ ಎಂದು ಸಂಸ್ಥೆ ಹೇಳಿಕೊಂಡಿತು. ಮರುವರ್ಷ ಪ್ರತಿಸ್ಪರ್ಧಿಯಾದ ಒರಾಕಲ್ ಸಂಸ್ಥೆಯೇ ಆ ಮುದ್ದೆಯನ್ನು ಬಿಡಿಸಿ ತೇಪೆಗಳನ್ನು ಬೇರ್ಪಡಿಸಿ ಪ್ರಕಟಿಸಿತು. ವ್ಯಾಪಾರದ ದೃಷ್ಟಿಯಿಂದ ರೆಡ್ ಹ್ಯಾಟ್‌ನ ನಡೆ ಅರ್ಥವಾಗದ್ದೇನಲ್ಲ. ಪರವಾನಗಿ ಬೇಡುವ ಆಕರವನ್ನು ಅದು ಕೊಟ್ಟೇ ಇತ್ತು. ಆದರೆ ಆಕರ ಕೊಟ್ಟು ಚರಿತ್ರೆಯನ್ನು ಕೊಡದಿದ್ದರೆ, ತನ್ನ ಯಂತ್ರದಲ್ಲಿ ಇಂಥ ದೋಷ ತಿದ್ದಲ್ಪಟ್ಟಿದೆಯೇ ಎಂದು ಕೇಳುವವರಿಗೆ ಉತ್ತರ ದೊರಕುವ ದಾರಿ ಮುಚ್ಚುತ್ತದೆ.

ಈ ದಾರಿ ಮುಚ್ಚಿದಾಗ ಸಿಕ್ಕಿಬೀಳುವವರು ಯಾರು? ದೊಡ್ಡ ಸಂಸ್ಥೆಗಳಿಗೆ ಕರ್ನೆಲ್ಲನ್ನು ಓದಬಲ್ಲ ತಂಡಗಳಿರುತ್ತವೆ. ಹತ್ತಿಪ್ಪತ್ತು ಯಂತ್ರಗಳನ್ನು ಒಬ್ಬರೇ ನೋಡಿಕೊಳ್ಳುವ ಕಚೇರಿಯ ಸಿಸ್ಟಂ ನಿರ್ವಾಹಕರನ್ನು ಕಲ್ಪಿಸಿಕೊಳ್ಳಿ. ರಾತ್ರಿ ನೆಟ್‌ವರ್ಕ್ ಬಿಟ್ಟುಬಿಟ್ಟು ಕಡಿದುಹೋಗುತ್ತಿದೆ. ಕರ್ನೆಲ್ ಬರೆಯುವವರನ್ನು ಕೇಳಿದರೆ, "ಇತ್ತೀಚಿನ ಕರ್ನೆಲ್ಲಿನಲ್ಲಿ ಪರೀಕ್ಷಿಸಿ ಹೇಳಿ" ಎನ್ನುತ್ತಾರೆ. ವಿತರಕರನ್ನು ಕೇಳಿದರೆ, "ನಾವು ಕೊಟ್ಟದ್ದಲ್ಲದ ಕರ್ನೆಲ್ ಹಾಕಿದರೆ ನಮ್ಮ ಹೊಣೆಯಿಲ್ಲ" ಎನ್ನುತ್ತಾರೆ. ಕಾರ್ಡು ಮಾಡಿದವರು, "ನಮ್ಮ ತಾಣದಲ್ಲಿರುವ ಹೊಸ ಡ್ರೈವರನ್ನು ಹಾಕಿಕೊಳ್ಳಿ" ಎನ್ನುತ್ತಾರೆ. ಹಾಗೆ ಹೊರಗಿನ ಡ್ರೈವರನ್ನು ಹಾಕಿದೊಡನೆ ಕರ್ನೆಲ್ ತನ್ನನ್ನು "ಕಳಂಕಿತ" ಎಂದು ಗುರುತುಮಾಡಿಕೊಳ್ಳುತ್ತದೆ. ಆ ಗುರುತು ಕಂಡ ಮೇಲೆ ಕರ್ನೆಲ್ ಬರೆಯುವವರು ದೂರನ್ನು ಬದಿಗಿಡುವ ಸಂಭವವೇ ಹೆಚ್ಚು. ಮೂವರ ಮಾತಿನಲ್ಲೂ ಅವರವರ ನ್ಯಾಯವಿದೆ. ನಡುವೆ ನಿಂತವರ ಕೈಯಲ್ಲಿ ಮಾತ್ರ ಏನೂ ಇಲ್ಲ. ಹಳೆಯ ಅಂಕಿ ಸುಳ್ಳಾಗಿದ್ದರೂ ಕೊನೆಯಪಕ್ಷ ಮಾತು ಆರಂಭಿಸಲು ಒಂದು ಎಳೆಯಾಗಿತ್ತು.

ಆದ್ದರಿಂದ ಅಂಕಿಯನ್ನು ಮರಳಿ ತರಬೇಕೆಂದು ನಾನು ಹೇಳಲಾರೆ. ಸುಳ್ಳು ಎಳೆ ಹಿಡಿದು ಹೊರಟವರು ತಪ್ಪು ಊರಿಗೇ ಸೇರುತ್ತಾರೆ. ಆ ಅಂಕಿಯ ಜಾಗದಲ್ಲಿ ನಿಜವಾದ ಲೆಕ್ಕ ಸಾಮಾನ್ಯ ಬಳಕೆದಾರರಿಗೂ ಸಿಗುವಂತಾಗಬೇಕು. ಇದು ಆಗದ ಕೆಲಸವೇನಲ್ಲ. 2024ರ ಫೆಬ್ರವರಿಯಲ್ಲಿ ಕರ್ನೆಲ್ ಸಮುದಾಯ ಭದ್ರತಾ ದೋಷಗಳಿಗೆ ಸಿವಿಇ ಸಂಖ್ಯೆ ನೀಡುವ ಅಧಿಕಾರವನ್ನು ತಾನೇ ವಹಿಸಿಕೊಂಡಿತು. ಅಂದಿನಿಂದ ಪ್ರಕಟವಾದ ಸಾವಿರಗಟ್ಟಲೆ ಸೂಚನೆಗಳಲ್ಲಿ ಡ್ರೈವರಿನ ಸ್ವಂತ ಅಂಕಿಯ ಸುದ್ದಿಯೇ ಇಲ್ಲ. ದೋಷ ಯಾವ ಬದಲಾವಣೆಯಿಂದ ಬಂತು, ಯಾವ ಬದಲಾವಣೆಯಿಂದ ಹೋಯಿತು, ಅವು ಯಾವ ಯಾವ ಕರ್ನೆಲ್ ಸರಣಿಗಳಲ್ಲಿವೆ ಎಂಬ ವಿವರ ಇರುತ್ತದೆ. ಭದ್ರತೆಯ ವಿಷಯದಲ್ಲಿ ಸಾಧ್ಯವಾದದ್ದನ್ನು ಡ್ರೈವರುಗಳ ಇತರ ದೋಷಗಳ ವಿಷಯದಲ್ಲಿ ಮಾಡಲು ವಿತರಕರಿಗೆ ಅಡ್ಡಿಯೇನು? ತಮ್ಮ ಪ್ರತಿ ಕರ್ನೆಲ್ ಕಟ್ಟಿನ ಜೊತೆ, ಮೂಲಮರದ ಯಾವ ಯಾವ ಬದಲಾವಣೆಗಳನ್ನು ಒಳಗೊಂಡಿದ್ದೇವೆ ಎಂಬ ಪಟ್ಟಿಯನ್ನು ಅವುಗಳ ಮೂಲ ಗುರುತುಗಳೊಂದಿಗೆ ಅವರು ಕೊಡಬೇಕು. ಡ್ರೈವರಿನ ಹೆಸರನ್ನು ಹೇಳಿದರೆ ಅದಕ್ಕೆ ಸಂಬಂಧಿಸಿದ ಸಾಲುಗಳನ್ನು ಹೆಕ್ಕಿಕೊಡುವುದು ಯಂತ್ರಕ್ಕೆ ಕ್ಷಣದ ಕೆಲಸ.

ಕಾರ್ಡು ತಯಾರಿಸುವವರ ಪಾಲಿನ ಕರ್ತವ್ಯ, ತಮ್ಮ ತಿದ್ದುಪಡಿಗಳನ್ನು ಮೊದಲು ಮೂಲಮರಕ್ಕೆ ಸೇರಿಸುವುದು. ಹೊರಗೆ ಇಟ್ಟುಕೊಂಡ ಡ್ರೈವರಿಗೆ ಅಂಕಿ ಬೇಕು, ನಿಜ. ಆದರೆ ಹೊರಗೆ ಇಟ್ಟುಕೊಳ್ಳುವ ಅಗತ್ಯವನ್ನೇ ಕಡಿಮೆ ಮಾಡುವುದು ಲೇಸು. ಖರೀದಿಯ ಕರಾರುಗಳನ್ನೂ ತಪಾಸಣೆಯ ನಮೂನೆಗಳನ್ನೂ ಸಿದ್ಧಪಡಿಸುವವರು, ನಮ್ಮ ಓದುಗರಲ್ಲೂ ಅಂಥವರಿದ್ದಾರೆ, "ಡ್ರೈವರ್ ಆವೃತ್ತಿ" ಎಂಬ ಅಂಕಣವನ್ನು ಹೊಡೆದುಹಾಕಿ ಅಲ್ಲಿ ಬೇರೆ ನಾಲ್ಕನ್ನು ಕೇಳಬೇಕು: ಬಾಲವೂ ಸೇರಿದಂತೆ ಕರ್ನೆಲ್ ಕಟ್ಟಿನ ಪೂರ್ತಿ ಹೆಸರು, ಸಾಧನದ ನಿಖರವಾದ ಗುರುತುಸಂಖ್ಯೆ, ಸಾಧನದೊಳಗಿನ ಫರ್ಮ್‌ವೇರಿನ ಆವೃತ್ತಿ, ಹೊರಗಿನಿಂದ ತಂದು ಸೇರಿಸಿದ ಡ್ರೈವರುಗಳೇನಾದರೂ ಇದ್ದರೆ ಅವುಗಳ ವಿವರ. ಫರ್ಮ್‌ವೇರಿನ ಮಾತನ್ನು ಬೇರೆಯಾಗಿ ಹೇಳಲು ಕಾರಣವಿದೆ. ಅದು ಕರ್ನೆಲ್ಲಿನ ಮರದ ಭಾಗವಲ್ಲ. ಕಾರ್ಡಿನೊಳಗೆ ಬೇರೆಯೇ ಬಾಳುವಂಥದ್ದು. ಅದರ ಅಂಕಿಗೆ ಇಂದಿಗೂ ಪೂರ್ತಿ ಬೆಲೆಯಿದೆ.

ಕೊನೆಯದಾಗಿ ಕರ್ನೆಲ್ ಬರೆಯುವವರಿಗೂ ಒಂದು ಮಾತು. ಅಂಕಿಯನ್ನು ತೆಗೆದುಹಾಕಿದ ಮೇಲೆ ಬದಲಾವಣೆಯ ದಾಖಲೆಯೇ ಏಕಮಾತ್ರ ಸಾಕ್ಷಿ. ಆ ದಾಖಲೆಯಲ್ಲಿ "ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಿದೆ" ಎಂದು ಬರೆದು ಕೈತೊಳೆದುಕೊಂಡರೆ, ಹೋದ ಅಂಕಿಗಿಂತ ಅದೇನೂ ಮೇಲಲ್ಲ. ಬಳಸುವವರಿಗೆ ಏನು ಕಾಣುತ್ತಿತ್ತು, ಯಾವ ಕಾರ್ಡಿನಲ್ಲಿ, ಯಾವ ಸಂದರ್ಭದಲ್ಲಿ, ಈಗ ಏನು ಬದಲಾಯಿತು ಎಂಬುದನ್ನು ನಾಲ್ಕು ಸರಳ ವಾಕ್ಯಗಳಲ್ಲಿ ಬರೆಯುವುದು ಆಕರದ ಸಾಲುಗಳನ್ನು ಬರೆಯುವಷ್ಟೇ ಮುಖ್ಯವಾದ ಕೆಲಸ. ಎಷ್ಟೋ ವರ್ಷಗಳ ಮೇಲೆ, ಎಲ್ಲೋ ಒಂದು ಸಣ್ಣ ಕಚೇರಿಯಲ್ಲಿ, ತನ್ನ ಯಂತ್ರದ ಕಾಯಿಲೆಗೆ ಹೆಸರು ಹುಡುಕುತ್ತಿರುವವರು ಓದುವುದು ಆ ನಾಲ್ಕು ವಾಕ್ಯಗಳನ್ನೇ.